ಬೋರ್ಡ್ ತಂದಿರಿ, ಮಿತಿಯನ್ನೇಕೆ ಬಿಟ್ಟಿರಿ?

ಸಲಹೆಗೆಂದು ನನ್ನನ್ನು ಕರೆಸುವ ಸಾಫ್ಟ್‌ವೇರ್ ತಂಡಗಳು ಈಗೀಗ ಮೊದಲ ಮಾತಿಗೇ ‘ನಮ್ಮದು ಸ್ಕ್ರಂಬಾನ್, ಸರ್’ ಎನ್ನುತ್ತವೆ. ಸ್ಕ್ರಮ್, ಕಾನ್‌ಬಾನ್ ಎಂಬ ಎರಡು ಕೆಲಸದ ಪದ್ಧತಿಗಳ ಬೆರಕೆ ಅದು. ಸ್ಕ್ರಮ್‌ನಿಂದ ಎರಡು ವಾರದ ಸ್ಪ್ರಿಂಟ್, ಅಂದರೆ ಮಾಡುವ ಕೆಲಸವನ್ನು ಮೊದಲೇ ಗೊತ್ತುಮಾಡಿಕೊಂಡ ಅವಧಿ. ಕಾನ್‌ಬಾನ್‌ನಿಂದ ಬೋರ್ಡ್, ಅಂದರೆ ಕೆಲಸಕ್ಕೊಂದು ಕಾರ್ಡ್ ಮಾಡಿ, ಹಂತಕ್ಕೊಂದು ಕಾಲಂನಲ್ಲಿ ಜೋಡಿಸುವ ಹಲಗೆ. ಈ ಕೂಡಾವಳಿಗೆ ನನ್ನ ತಕರಾರಿಲ್ಲ. ಆದರೆ ಕಾನ್‌ಬಾನ್ ಇದೆಯೆಂದು ಸ್ಪ್ರಿಂಟ್ ನಡುವೆ ಬಂದದ್ದನ್ನೆಲ್ಲ ತುರುಕುತ್ತಾರೆ. ಸ್ಪ್ರಿಂಟ್ ಇದೆಯೆಂದು ಕಾನ್‌ಬಾನ್‌ನ ಮಿತಿಯನ್ನು, ಅಂದರೆ ಒಂದು ಕಾಲಂನಲ್ಲಿ ಒಮ್ಮೆಗೆ ಇಷ್ಟೇ ಕಾರ್ಡ್ ಎಂಬ ಕಟ್ಟನ್ನು, ಕೈಬಿಡುತ್ತಾರೆ. ಒಂದರ ನೆಪದಲ್ಲಿ ಇನ್ನೊಂದರ ಕಟ್ಟುಪಾಡಿಗೆ ವಿನಾಯಿತಿ!

ಟೊಯೋಟಾದಲ್ಲಿ ಎಂಜಿನಿಯರ್ ತೈಚಿ ಓನೊ ರೂಢಿಸಿದ ಕಾನ್‌ಬಾನ್ ಎಂದರೆ ಬಿಡಿಭಾಗಗಳ ಜೊತೆ ಓಡಾಡುತ್ತಿದ್ದ ಚೀಟಿ. ಚೀಟಿ ಬಾರದೆ ಬಿಡಿಭಾಗ ತಯಾರಿಸುವಂತಿರಲಿಲ್ಲ. ಎಷ್ಟು ಚೀಟಿಯೋ ಅಷ್ಟೇ ಕೆಲಸ. ನಮ್ಮವರು ಆ ಚೀಟಿಯನ್ನು ಪರದೆಯ ಮೇಲಿನ ಬಣ್ಣದ ಚೌಕ ಮಾಡಿಕೊಂಡರು, ಲೆಕ್ಕವನ್ನು ಮರೆತರು.

ಬೆಂಗಳೂರಿನ ಒಂದು ಕಚೇರಿಯಲ್ಲಿ ಗೋಡೆಯ ಟಿವಿಯಲ್ಲಿ ಬೋರ್ಡ್ ತೋರಿಸಿದರು. ಕಾಲಂನ ತಳ ಕಾಣಲು ಮೌಸ್ ಎರಡು ಸಲ ಉರುಳಿಸಬೇಕಾಯಿತು. ಕೋಡಿಂಗ್‌ನಲ್ಲಿ 13 ಕಾರ್ಡ್, ಟೆಸ್ಟಿಂಗ್‌ನಲ್ಲಿ 11. ಡೆವಲಪರ್‌ಗಳು ಆರು ಮಂದಿ, ಟೆಸ್ಟರ್ ಒಬ್ಬಳೇ ಹುಡುಗಿ. ‘ಯಾರೂ ಖಾಲಿ ಕೂತಿಲ್ಲ, ಸರ್’ ಎಂದರು ಮ್ಯಾನೇಜರ್, ಹೆಮ್ಮೆಯಿಂದ.

ಅವರು ವಾರಕ್ಕೆ ಮುಗಿಸುತ್ತಿದ್ದದ್ದು ನಾಲ್ಕು ಕಾರ್ಡ್. 1961ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ಲಿಟ್ಲ್ ಸಾಧಿಸಿ ತೋರಿಸಿದ ಸೂತ್ರದಂತೆ, ಕೈಯಲ್ಲಿರುವ 24ನ್ನು 4ರಿಂದ ಭಾಗಿಸಿದರೆ ಒಂದೊಂದು ಕಾರ್ಡ್‌ಗೂ ಸರಾಸರಿ ಆರು ವಾರ. ಸ್ಪ್ರಿಂಟ್ ಎರಡೇ ವಾರದ್ದು. ಕೈಯಲ್ಲಿ ಎಂಟೇ ಇದ್ದರೆ ಅದೇ ವೇಗಕ್ಕೆ ಎರಡು ವಾರ ಸಾಕು. (ಕೆಲಸದ ಒಳಹರಿವು, ಹೊರಹರಿವು ಹೆಚ್ಚುಕಡಿಮೆ ಸಮವಾಗಿದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ದಿನವಿಡೀ ತುರ್ತು ದುರಸ್ತಿಯಲ್ಲೇ ಇರುವ ತಂಡಕ್ಕೆ ಇದನ್ನು ನೇರವಾಗಿ ಅನ್ವಯಿಸಬೇಡಿ.)

ಎಷ್ಟು ಹೇಳಿದರೂ ತಲೆಗಿಳಿಯದ ಸಂಗತಿ ಇದು: ಮಿತಿ ಇರುವುದು ಕಾಲಂಗೆ, ಮನುಷ್ಯರಿಗಲ್ಲ. ಟೆಸ್ಟಿಂಗ್‌ಗೆ ಮೂರು ಎಂದು ಗೊತ್ತುಮಾಡಿ, ಮೂರೂ ತುಂಬಿವೆ ಎಂದುಕೊಳ್ಳಿ. ಕೋಡ್ ಮುಗಿಸಿದವನು ನಾಲ್ಕನೆಯದನ್ನು ಅತ್ತ ತಳ್ಳುವಂತಿಲ್ಲ, ಕೋಡಿಂಗ್‌ನ ಮಿತಿಯೂ ತುಂಬಿದ್ದರೆ ಹೊಸದನ್ನು ಎತ್ತಿಕೊಳ್ಳುವಂತೆಯೂ ಇಲ್ಲ. ಕಾವಲಿ ತುಂಬಿದ ಮೇಲೆ ದೋಸೆ ಭಟ್ಟರು ಹಿಟ್ಟು ಹುಯ್ಯುತ್ತಾರೆಯೇ? ಹಾಗಾದರೆ ಅವನು ಏನು ಮಾಡಬೇಕು? ಟೆಸ್ಟರ್ ಪಕ್ಕ ಕುರ್ಚಿ ಎಳೆದುಕೊಂಡು ಕೂರಬೇಕು. ‘ನಾನು ಟೆಸ್ಟ್ ಮಾಡಬೇಕೇ?’ ಎಂಬ ಮುಖಗಳನ್ನು ನಾನು ಬಹಳ ನೋಡಿದ್ದೇನೆ.

ಬೆಂಗಳೂರಿನ ಆ ಕಚೇರಿಯಲ್ಲೂ ಟೆಸ್ಟಿಂಗ್‌ಗೆ ಮೂರರ ಮಿತಿ ಹಾಕಿಸಿದೆ. ಮೂರನೆಯ ದಿನ ಒಬ್ಬ ಡೆವಲಪರ್ ಗೊಣಗುತ್ತಲೇ ಹೋಗಿ ಟೆಸ್ಟರ್ ಪಕ್ಕ ಕೂತ. ಪ್ರತಿ ಕಾರ್ಡ್‌ಗೂ ಮಾದರಿ ದತ್ತಾಂಶವನ್ನು ಆಕೆ ಅರ್ಧ ದಿನ ಕೈಯಿಂದಲೇ ತುಂಬುತ್ತಿದ್ದುದು ಅವನಿಗೆ ಆಗಲೇ ತಿಳಿದದ್ದು. ಊಟದ ಹೊತ್ತಿಗೆ ಅದನ್ನು ತಾನೇ ತುಂಬುವ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಬರೆದುಕೊಟ್ಟ. ಒಳ್ಳೆಯ ಹುಡುಗ.

ಮರುವಾರ ಮ್ಯಾನೇಜರ್ ಫೋನ್ ಮಾಡಿದರು. ‘ಕ್ಲೈಂಟ್ ಕಡೆಯಿಂದ ಅರ್ಜೆಂಟ್ ಕೆಲಸ ಬಂದಿದೆ, ಸರ್. ಮೂರನ್ನು ನಾಲ್ಕು ಮಾಡಿಕೊಳ್ಳಲೇ, ಈ ಸಲಕ್ಕೆ ಮಾತ್ರ?’ ಆ ಮೂರರಲ್ಲಿ ಯಾವುದನ್ನು ಹಿಂದಕ್ಕೆ ಇಡುತ್ತೀರಿ ಎಂದು ಕೇಳಿದೆ. ಬಹಳ ಹೊತ್ತು ಆ ಕಡೆಯಿಂದ ಸದ್ದೇ ಇರಲಿಲ್ಲ.