ಮನೆಯ ಐಸ್‌ಕ್ರೀಮ್ ಕಲ್ಲಾಗುವುದು ಯಾಕೆ?

ಪ್ರಶ್ನೆ: ಪ್ರತಿ ಬೇಸಿಗೆಯಲ್ಲೂ ಮನೆಯಲ್ಲೇ ಐಸ್‌ಕ್ರೀಮ್ ಮಾಡುತ್ತೇನೆ. ಒಳ್ಳೆಯ ಹಾಲು, ಒಳ್ಳೆಯ ಹಣ್ಣು. ಆರೋಗ್ಯಕ್ಕೆ ಅಂತ ಸಕ್ಕರೆ ಮಾತ್ರ ಕಡಿಮೆ ಹಾಕುತ್ತೇನೆ. ಆದರೆ ಮರುದಿನ ಡಬ್ಬಿ ತೆಗೆದರೆ ಚಮಚ ಬಗ್ಗುತ್ತದೆ, ಐಸ್‌ಕ್ರೀಮ್ ಅಲ್ಲಾಡುವುದಿಲ್ಲ. ಬಾಯಿಗಿಟ್ಟರೆ ಕರಕರ ಎನ್ನುತ್ತದೆ. ಅಂಗಡಿಯದು ಅಷ್ಟು ಮೆತ್ತಗೆ ಇರುವುದು ಹೇಗೆ? ಅದಕ್ಕೆ ಏನು ಹಾಕುತ್ತಾರೆ?

ಉತ್ತರ: ಬಿಸಿಲು ಏರಿದಂತೆ ಈ ಪ್ರಶ್ನೆಯೂ ಏರುತ್ತದೆ. ಕೇಳುವವರ ಮಾತು ಬೇರೆ ಬೇರೆ ಇರುತ್ತದೆ, ಬಗ್ಗಿದ ಚಮಚ ಮಾತ್ರ ಎಲ್ಲರ ಕತೆಯಲ್ಲೂ ಇರುತ್ತದೆ. ನನ್ನ ಮನೆಯಲ್ಲೂ ಅಂಥವು ಎರಡಿವೆ. ನೆಟ್ಟಗೆ ಮಾಡೋಣ ಅಂತ ತಿರುಗಿಸಿ ಅಮುಕಿದ್ದಕ್ಕೆ ಈಗ ಅವು ಎಸ್ ಆಕಾರದಲ್ಲಿವೆ.

ಅಂಗಡಿಯವರು ಏನು ಹಾಕುತ್ತಾರೆ ಅಂದಿರಲ್ಲ, ಮುಖ್ಯವಾಗಿ ಹಾಕುವುದು ಗಾಳಿ. ಅದರ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಪ್ರಶ್ನೆಯಲ್ಲೇ ಇರುವ ಒಂದು ಮಾತಿಗೆ ಬರೋಣ: ‘ಸಕ್ಕರೆ ಮಾತ್ರ ಕಡಿಮೆ.’ ಕಲ್ಲಾಗುವುದರ ಅರ್ಧ ಕಾರಣ ಅಲ್ಲೇ ಇದೆ.

ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 87 ಗ್ರಾಂ ನೀರು. ಹಣ್ಣಿನ ತಿರುಳಿನಲ್ಲೂ ಬಹುಪಾಲು ನೀರೇ. ಅಂದರೆ ನೀವು ಫ್ರೀಜರಿನಲ್ಲಿ ಇಟ್ಟಿದ್ದು ಬಣ್ಣ, ರುಚಿ, ಒಂದಿಷ್ಟು ಕೊಬ್ಬು ಇರುವ ನೀರು. ಅದನ್ನು ಅದರ ಪಾಡಿಗೆ ಬಿಟ್ಟರೆ ನೀರಿಗೆ ಗೊತ್ತಿರುವುದು ಒಂದೇ ಕೆಲಸ, ಐಸ್ ಆಗುವುದು.

ಇದಕ್ಕೆ ಅಡ್ಡ ನಿಲ್ಲುವುದು ಸಕ್ಕರೆ. ಬರೀ ನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಸಕ್ಕರೆ ಕರಗಿದ ನೀರು ಅದಕ್ಕಿಂತ ಕೆಳಗೆ ಇಳಿಯಬೇಕು. ಒಂದು ಕಿಲೋ ನೀರಿಗೆ 342 ಗ್ರಾಂ ಸಕ್ಕರೆ ಹಾಕಿದರೆ ಹೆಪ್ಪುಗಟ್ಟುವ ಹಂತ ಬರೀ 1.86 ಡಿಗ್ರಿ ಇಳಿಯುತ್ತದೆ. ಇಷ್ಟೇನಾ ಅನಿಸುತ್ತದೆ, ಅಲ್ವಾ? ಫ್ರೀಜರ್ ಇರುವುದು ಮೈನಸ್ 18ರಲ್ಲಿ. ಅದರ ಮುಂದೆ ಎರಡು ಡಿಗ್ರಿ ಯಾವ ಲೆಕ್ಕ?

ತಮಾಷೆ ಇರುವುದೇ ಇಲ್ಲಿ. ನೀರು ಐಸ್ ಆಗುವಾಗ ಸಕ್ಕರೆಯನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ. ಐಸಿನ ಹರಳು ಬರೀ ನೀರಿನದು. ಸಕ್ಕರೆಯೆಲ್ಲ ಆಚೆಗೆ ತಳ್ಳಿಸಿಕೊಂಡು, ಇನ್ನೂ ಐಸ್ ಆಗದ ನೀರಿನಲ್ಲಿ ಹೋಗಿ ಕೂರುತ್ತದೆ. ಆ ನೀರು ಇನ್ನಷ್ಟು ಸಿಹಿ ಪಾಕವಾಗುತ್ತದೆ. ಹಾಗಾಗಿ ಅದು ಹೆಪ್ಪುಗಟ್ಟಲು ಇನ್ನಷ್ಟು ಚಳಿ ಬೇಕು. ಸ್ವಲ್ಪ ಐಸ್ ಆದರೆ ಉಳಿದ ಪಾಕ ಮತ್ತೂ ಗಟ್ಟಿ, ಮತ್ತೂ ಹಟಮಾರಿ. ಕೊನೆಗೆ ಮೈನಸ್ 18ರಲ್ಲೂ ಒಳ್ಳೆಯ ಐಸ್‌ಕ್ರೀಮಿನಲ್ಲಿರುವ ನೀರಿನ ಸುಮಾರು ಮುಕ್ಕಾಲು ಪಾಲು ಮಾತ್ರ ಐಸ್ ಆಗಿರುತ್ತದೆ. ಉಳಿದ ಕಾಲು ಭಾಗ ಹರಳುಗಳ ನಡುವೆ ಜೇನಿನ ಹಾಗೆ ಮಂದವಾಗಿ ನಿಂತಿರುತ್ತದೆ. ಚಮಚ ಒಳಗೆ ಇಳಿಯುವುದು ಆ ಪಾಕದ ದಯೆಯಿಂದ.

ಸಕ್ಕರೆ ಕಡಿಮೆ ಮಾಡಿದರೆ ಅದಕ್ಕೆ ತಕ್ಕಂತೆ ಈ ಪಾಕವೂ ಕಡಿಮೆ. ಹರಳುಗಳು ಒಂದಕ್ಕೊಂದು ಅಂಟಿಕೊಂಡು ಗೋಡೆ ಕಟ್ಟುತ್ತವೆ. ಐಸ್‌ಕ್ರೀಮಿನಲ್ಲಿ ಸಕ್ಕರೆಗೆ ಸಿಹಿ ಕೊಡುವುದು ಒಂದು ಕೆಲಸ, ಮೆತ್ತಗಿಡುವುದು ಇನ್ನೊಂದು. ಟೀಗೆ ಅರ್ಧ ಚಮಚ ಕಡಿಮೆ ಹಾಕಿದರೆ ಟೀ ಟೀಯಾಗಿಯೇ ಇರುತ್ತದೆ. ಇಲ್ಲಿ ಹಾಗಲ್ಲ. ಸಾಮಾನ್ಯವಾಗಿ ನೂರು ಗ್ರಾಂ ಮಿಶ್ರಣಕ್ಕೆ 15 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಆರೋಗ್ಯದ ಚಿಂತೆ ಇದ್ದರೆ ಸಕ್ಕರೆಯ ಬದಲು ಬಟ್ಟಲನ್ನು ಚಿಕ್ಕದು ಮಾಡಿ ಅಂತ ನಾನು ಹೇಳುತ್ತೇನೆ. ಸಪ್ಪೆ ಕಲ್ಲನ್ನು ಜಾಸ್ತಿ ತಿನ್ನುವುದಕ್ಕಿಂತ ನಿಜವಾದ ಐಸ್‌ಕ್ರೀಮನ್ನು ಎರಡು ಚಮಚ ತಿನ್ನುವುದು ಮೇಲು.

ಮಿಶ್ರಣ ಕಲಸಿ ರುಚಿ ನೋಡಿದಾಗ ‘ಅಯ್ಯೋ, ಸಿಹಿ ಜಾಸ್ತಿ ಆಯ್ತು’ ಅನಿಸುವುದೂ ಸಹಜ. ಹೆದರಬೇಡಿ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ. ಬಟ್ಟಲಿನ ತಳದಲ್ಲಿ ಕರಗಿ ಉಳಿದ ಐಸ್‌ಕ್ರೀಮ್ ಕುಡಿದು ನೋಡಿ, ಗಂಟಲು ಕಟ್ಟುವಷ್ಟು ಸಿಹಿ. ನನ್ನ ಅಕ್ಕನಿಗೆ ಅದೇ ಇಷ್ಟ. ಬಟ್ಟಲು ಕೈಗೆ ಬಂದ ಕೂಡಲೇ ಗರಗರ ತಿರುಗಿಸಿ ಪಾಯಸ ಮಾಡಿಕೊಂಡು ಕುಡಿಯುತ್ತಾಳೆ. ಮೂರು ಗಂಟೆ ಕಷ್ಟಪಟ್ಟು ಗಟ್ಟಿ ಮಾಡಿದವಳ ಎದುರಿಗೇ. ಏನು ಹೇಳುವುದು?

ಎಲ್ಲ ಸಕ್ಕರೆಯೂ ಒಂದೇ ಅಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಜೇನಿನಲ್ಲಿ ಇರುವುದು ಮುಖ್ಯವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಇವುಗಳ ಕಣ ಚಿಕ್ಕದು, ಹಾಗಾಗಿ ಅಷ್ಟೇ ತೂಕದಲ್ಲಿ ಕಣಗಳ ಸಂಖ್ಯೆ ಜಾಸ್ತಿ. ಮಾಮೂಲಿ ಸಕ್ಕರೆ 342 ಗ್ರಾಂ ಮಾಡುವ ಕೆಲಸವನ್ನು ಗ್ಲೂಕೋಸ್ 180 ಗ್ರಾಮಿನಲ್ಲೇ ಮುಗಿಸುತ್ತದೆ. ಸಕ್ಕರೆಯ ಒಂದು ಪಾಲನ್ನು ತೆಗೆದು ಅಲ್ಲಿ ಜೇನು ಹಾಕಿದರೆ ಐಸ್‌ಕ್ರೀಮ್ ಎದ್ದು ಕಾಣುವಷ್ಟು ಮೆತ್ತಗಾಗುತ್ತದೆ. ಪೂರ್ತಿ ಜೇನೇ ಹಾಕಿದರೆ ಗಟ್ಟಿಯಾಗುವುದೇ ಕಷ್ಟ, ರುಚಿಯೂ ಜೇನಿನದೇ ಆಗಿಬಿಡುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಹೋಳು ಮಾಡಿ ಫ್ರೀಜರಿನಲ್ಲಿಟ್ಟು, ಆಮೇಲೆ ಮಿಕ್ಸಿಯಲ್ಲಿ ತಿರುವಿದರೆ ಬೇರೇನೂ ಹಾಕದೆ ಕ್ರೀಮಿನಂತಾಗುತ್ತದಲ್ಲ, ಅಲ್ಲೂ ಇದರ ಪಾಲಿದೆ. ಕಾಯಿಯಲ್ಲಿದ್ದ ಪಿಷ್ಟ ಹಣ್ಣಾಗುವಾಗ ಸಕ್ಕರೆಯಾಗಿರುತ್ತದೆ. ಅರೆಗಾಯಿ ಬಾಳೆಯಲ್ಲಿ ಮಾಡಿದರೆ ಆ ನುಣುಪು ಬರುವುದಿಲ್ಲ.

ಇಷ್ಟು ಸಕ್ಕರೆಯ ಪುರಾಣ. ಇನ್ನು ಕರಕರ.

ಐಸಿನ ಹರಳು ಎಲ್ಲ ಐಸ್‌ಕ್ರೀಮಿನಲ್ಲೂ ಇರುತ್ತದೆ. ಪ್ರಶ್ನೆ ಇರುವುದು ಅದರ ಗಾತ್ರದಲ್ಲಿ. ಹರಳು ಸುಮಾರು 50 ಮೈಕ್ರಾನಿಗಿಂತ, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಚಿಕ್ಕದಿದ್ದರೆ ನಾಲಿಗೆಗೆ ನುಣ್ಣಗೆ ಅನಿಸುತ್ತದೆ. ಅದನ್ನು ದಾಟಿದರೆ ನಾಲಿಗೆ ಕಂಡುಹಿಡಿಯುತ್ತದೆ. ನಿಧಾನವಾಗಿ ತಣ್ಣಗಾದರೆ ಕೆಲವೇ ಹರಳು ಹುಟ್ಟಿ ಆರಾಮಾಗಿ ದಪ್ಪವಾಗುತ್ತವೆ. ಬೇಗ ತಣ್ಣಗಾಗಿ, ಜೊತೆಗೆ ಕಲಕುತ್ತಲೂ ಇದ್ದರೆ ಸಾವಿರಾರು ಹರಳು ಒಟ್ಟಿಗೆ ಹುಟ್ಟುತ್ತವೆ. ಯಾವುದಕ್ಕೂ ದಪ್ಪವಾಗಲು ನೀರು ಸಾಲುವುದಿಲ್ಲ. ಐಸ್‌ಕ್ರೀಮ್ ಯಂತ್ರ ಮಾಡುವುದು ಇಷ್ಟೇ. ತಣ್ಣನೆಯ ಗೋಡೆಗೆ ಅಂಟಿದ ಐಸನ್ನು ಕೆರೆದು ಕೆರೆದು ನಡುವಿಗೆ ಸೇರಿಸುತ್ತದೆ.

ಇದು ಕರೆಂಟು ಬಂದ ಮೇಲಿನ ಜಾಣತನವೂ ಅಲ್ಲ. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲೇ ಕೈಯಲ್ಲಿ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಹೊರಗೆ ಮರದ ಬಕೆಟ್, ಅದರೊಳಗೆ ಡಬ್ಬಿ, ಎರಡರ ನಡುವೆ ಐಸ್ ಮತ್ತು ಉಪ್ಪು. ಐಸಿಗೆ ಉಪ್ಪು ಸೇರಿದರೆ ಮಿಶ್ರಣ ಮೈನಸ್ 21 ಡಿಗ್ರಿವರೆಗೂ ಇಳಿಯಬಲ್ಲದು. ಸಕ್ಕರೆ ಒಳಗೆ ಮಾಡುವ ಕೆಲಸವನ್ನೇ ಉಪ್ಪು ಹೊರಗೆ ಮಾಡುತ್ತದೆ ನೋಡಿ. ಒಂದು ಮೆತ್ತಗಿಡಲು, ಇನ್ನೊಂದು ತಣ್ಣಗಿಡಲು.

ಯಂತ್ರ ಇಲ್ಲದಿದ್ದರೆ ಫೋರ್ಕ್ ಇದೆ. ಮಿಶ್ರಣವನ್ನು ಆಳದ ಡಬ್ಬಿಯ ಬದಲು ಅಗಲದ ತಟ್ಟೆಗೆ ಹಾಕಿ. ಲೋಹದ್ದಾದರೆ ಇನ್ನೂ ಒಳ್ಳೆಯದು, ಬೇಗ ತಣ್ಣಗಾಗುತ್ತದೆ. ಮುಕ್ಕಾಲು ಗಂಟೆ ಬಿಟ್ಟು ನೋಡಿ. ಅಂಚಿನಲ್ಲಿ ಐಸ್ ಕಟ್ಟಿರುತ್ತದೆ, ನಡುವೆ ಇನ್ನೂ ನೀರಾಗಿರುತ್ತದೆ. ಅಂಚನ್ನು ಕೆರೆದು ನಡುವಿಗೆ ತಂದು ಜೋರಾಗಿ ಕಲಸಿ. ಮತ್ತೆ ಅರ್ಧ ಗಂಟೆಗೊಮ್ಮೆ ಹೀಗೇ, ಎರಡು ಮೂರು ಗಂಟೆ. ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ನಾನು ಅಲಾರಂ ಇಡದೆ ನಿದ್ದೆ ಹೋದ ಮಧ್ಯಾಹ್ನಗಳ ಫಲವೇ ಆ ಎರಡು ಚಮಚ.

ಒಂದು ಮುಖ್ಯ ಮಾತು: ಬೆಚ್ಚಗಿರುವ ಮಿಶ್ರಣವನ್ನು ಫ್ರೀಜರಿಗೆ ಇಡಬೇಡಿ. ಕಾಯಿಸಿ ಆರಿಸಿದ ಮೇಲೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಕಡಿಮೆ ಅಂದರೆ ನಾಲ್ಕು ಗಂಟೆ, ಆದರೆ ರಾತ್ರಿ ಪೂರ್ತಿ ಇಡಿ. ಮಿಶ್ರಣ ಎಷ್ಟು ತಣ್ಣಗಿರುತ್ತದೋ ಫ್ರೀಜರಿನಲ್ಲಿ ಅಷ್ಟು ಬೇಗ ಐಸ್ ಕಟ್ಟುತ್ತದೆ, ಹರಳು ಅಷ್ಟು ಚಿಕ್ಕದಾಗುತ್ತದೆ.

ಈಗ ಗಾಳಿ. ಅಂಗಡಿಯ ಡಬ್ಬಿಯ ಮೇಲೆ ಲೀಟರ್ ಎಷ್ಟು, ಗ್ರಾಂ ಎಷ್ಟು ಅಂತ ಎರಡನ್ನೂ ಒಮ್ಮೆ ನೋಡಿ. ಒಂದು ಲೀಟರ್ ಐಸ್‌ಕ್ರೀಮ್ ಒಂದು ಕಿಲೋಗಿಂತ ಎಷ್ಟೋ ಕಡಿಮೆ ತೂಗುತ್ತದೆ. ಕೆಲವು ಬಗೆಯವುಗಳಲ್ಲಿ ಡಬ್ಬಿಯ ಅರ್ಧದಷ್ಟು ಜಾಗ ಗಾಳಿಯದೇ. ಇದನ್ನು ಮೋಸ ಅಂತ ಬೈಯುವವರಿದ್ದಾರೆ. ನಾನು ಪೂರ್ತಿ ಹಾಗೆ ಹೇಳಲಾರೆ. ಗಾಳಿಯ ಗುಳ್ಳೆ ಇಲ್ಲದಿದ್ದರೆ ಐಸ್‌ಕ್ರೀಮ್ ಇಟ್ಟಿಗೆ. ಗುಳ್ಳೆಗಳು ಹರಳುಗಳನ್ನು ದೂರ ದೂರ ಇಡುತ್ತವೆ, ಚಳಿ ನಾಲಿಗೆಗೆ ಒಮ್ಮೆಲೇ ಬಡಿಯದಂತೆಯೂ ನೋಡಿಕೊಳ್ಳುತ್ತವೆ. ಜಾಸ್ತಿಯಾದರೆ ಮಾತ್ರ ಬಾಯಲ್ಲಿಟ್ಟದ್ದು ಎಲ್ಲಿ ಹೋಯಿತು ಅಂತ ಹುಡುಕಬೇಕಾಗುತ್ತದೆ.

ಮನೆಯಲ್ಲಿ ಗಾಳಿ ಸೇರಿಸುವ ಸುಲಭ ದಾರಿ ಕ್ರೀಮನ್ನು ಮೊದಲೇ ನೊರೆಯಾಗುವ ಹಾಗೆ ಕಡೆದುಕೊಳ್ಳುವುದು. ಕಲಕುವ ತಾಳ್ಮೆ ಇಲ್ಲದವರಿಗೆ ನಾನು ಯಾವಾಗಲೂ ಹೇಳುವುದು ಇದೇ: 240 ಮಿಲಿ ತಣ್ಣನೆಯ ವಿಪ್ಪಿಂಗ್ ಕ್ರೀಮ್ ತೆಗೆದುಕೊಂಡು, ಎತ್ತಿದರೆ ಮೃದುವಾದ ತುದಿ ನಿಲ್ಲುವವರೆಗೆ ಕಡೆಯಿರಿ. 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್‌ಗೆ ನಿಮಗೆ ಬೇಕಾದ ರುಚಿ ಮತ್ತು ಒಂದು ಚಿಟಿಕೆ ಉಪ್ಪು ಸೇರಿಸಿ. ಎರಡನ್ನೂ ನೊರೆ ಒಡೆಯದಂತೆ ಮೆಲ್ಲಗೆ ಮಡಿಚಿದ ಹಾಗೆ ಬೆರೆಸಿ, ಮುಚ್ಚಿ, ಆರು ಗಂಟೆ ಫ್ರೀಜರಿನಲ್ಲಿಡಿ. ಮಧ್ಯೆ ಕಲಕುವ ಕೆಲಸವೇ ಇಲ್ಲ. ಕಂಡೆನ್ಸ್ಡ್ ಮಿಲ್ಕ್‌ನಲ್ಲಿ ನೀರನ್ನು ಮೊದಲೇ ಇಂಗಿಸಿರುತ್ತಾರೆ, ಸಕ್ಕರೆ ಧಾರಾಳವಾಗಿ ಇರುತ್ತದೆ. ಕ್ರೀಮು ಗಾಳಿಯನ್ನೂ ಕೊಬ್ಬನ್ನೂ ತರುತ್ತದೆ. ಇದಕ್ಕೆ ಹಣ್ಣು ಸೇರಿಸುವುದಾದರೆ ತಿರುಳನ್ನು ಒಲೆಯ ಮೇಲೆ ಕಾಯಿಸಿ ಗಟ್ಟಿ ಮಾಡಿ, ಪೂರ್ತಿ ಆರಿಸಿ ಹಾಕಿ. ಹಸಿ ರಸ ಸುರಿದರೆ ಕಷ್ಟಪಟ್ಟು ಕಳೆದ ನೀರನ್ನು ನೀವೇ ವಾಪಸ್ ಕರೆದಂತಾಯಿತು.

ಬರೀ ಹಾಲಿನಲ್ಲೇ ಮಾಡುತ್ತೇನೆ ಅನ್ನುವವರು ಹಾಲನ್ನು ಅರ್ಧಕ್ಕೆ ಬತ್ತಿಸಲೇಬೇಕು. ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕದಡಿ ಕುದಿಸಿದರೂ ಅದು ನೀರನ್ನು ಹಿಡಿದಿಡುತ್ತದೆ. ಹಾಲಿನ ಪುಡಿಯೂ ಸಹಾಯ ಮಾಡುತ್ತದೆ, ಆದರೆ ಕೈ ಹಿಡಿತದಲ್ಲಿರಲಿ. ಜಾಸ್ತಿಯಾದರೆ ಅದರಲ್ಲಿರುವ ಲ್ಯಾಕ್ಟೋಸ್ ಹರಳುಗಟ್ಟಿ ಬಾಯಿಗೆ ಮರಳು ಮರಳಾಗಿ ಸಿಗುತ್ತದೆ. ಐಸಿನ ಹರಳಾದರೆ ಬಾಯಲ್ಲಿ ಕರಗುತ್ತದೆ, ಆ ಮರಳು ಅಷ್ಟು ಬೇಗ ಕರಗುವುದಿಲ್ಲ.

ಮೊದಲ ದಿನ ಚೆನ್ನಾಗಿತ್ತು, ವಾರದ ಮೇಲೆ ಕರಕರ ಆಯ್ತು ಅನ್ನುವವರೂ ಇದ್ದಾರೆ. ಅದು ಫ್ರೀಜರಿನ ಬಾಗಿಲಿನ ಕೆಲಸ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಮುಖ ಒಡ್ಡಿ ನಿಲ್ಲುತ್ತೇವೆ. ಸುಮ್ನೆ. ಏನೂ ತೆಗೆದುಕೊಳ್ಳಲು ಅಲ್ಲ. ಪ್ರತಿ ಸಲವೂ ಒಳಗೆ ಸ್ವಲ್ಪ ಬಿಸಿ ಹೋಗುತ್ತದೆ. ಚಿಕ್ಕ ಹರಳು ಮೊದಲು ಕರಗುತ್ತದೆ, ಮತ್ತೆ ತಣ್ಣಗಾದಾಗ ಆ ನೀರು ಪಕ್ಕದ ದೊಡ್ಡ ಹರಳಿಗೆ ಹೋಗಿ ಅಂಟುತ್ತದೆ. ದಿನ ಕಳೆದಂತೆ ಚಿಕ್ಕವು ಕಾಣೆ, ದೊಡ್ಡವು ಇನ್ನೂ ದೊಡ್ಡವು. ಆದ್ದರಿಂದ ಡಬ್ಬಿಯನ್ನು ಬಾಗಿಲ ಹತ್ತಿರ ಇಡದೆ ಹಿಂದಿನ ಗೋಡೆಗೆ ಒತ್ತಿ ಇಡಿ. ಐಸ್‌ಕ್ರೀಮಿನ ಮೈಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಆಮೇಲೆ ಮುಚ್ಚಳ ಹಾಕಿ. ದೊಡ್ಡ ಡಬ್ಬಿಯ ಬದಲು ಚಿಕ್ಕ ಚಿಕ್ಕ ಡಬ್ಬಿಗಳಿಗೆ ಹಾಕಿದರೆ ಒಂದಕ್ಕಾಗಿ ಎಲ್ಲವನ್ನೂ ಕರಗಿಸುವ ಪ್ರಸಂಗ ಬರುವುದಿಲ್ಲ.

ಇದೇ ಲೆಕ್ಕ ಐಸ್‌ಕ್ಯಾಂಡಿಯಲ್ಲಿ ತಿರುಗಾಮುರುಗಾ ಆಗುತ್ತದೆ. ಹಣ್ಣಿನ ರಸವನ್ನು ಅಚ್ಚಿಗೆ ಹಾಕಿ ಕಡ್ಡಿ ಚುಚ್ಚಿಟ್ಟರೆ ಯಾರೂ ಕಲಕುವುದಿಲ್ಲ, ಹರಳು ದಪ್ಪಗೆ ಬೆಳೆಯುತ್ತದೆ. ಅಲ್ಲಿ ಅದೇ ಚೆಂದ. ಮಕ್ಕಳು ಅದನ್ನು ಜೋರಾಗಿ ಚೀಪಿದರೆ ಬಣ್ಣವೆಲ್ಲ ಬಾಯಿಗೆ ಬಂದು, ಕೈಯಲ್ಲಿ ಬರೀ ಬಿಳಿ ಐಸ್ ಉಳಿಯುತ್ತದೆ. ಯಾಕೆ ಅಂತ ಈಗ ಗೊತ್ತಾಯಿತಲ್ಲ? ಹರಳಿನೊಳಗೆ ಸಕ್ಕರೆ ಇಲ್ಲ. ಬಣ್ಣ, ಸಿಹಿ, ಹುಳಿ ಎಲ್ಲ ಹರಳುಗಳ ಸಂದಿಯ ಪಾಕದಲ್ಲಿ. ಚೀಪುವವರು ಮೊದಲು ಅದನ್ನೇ ಎಳೆದುಕೊಳ್ಳುತ್ತಾರೆ. ನನ್ನ ತಮ್ಮ ಚಿಕ್ಕವನಿದ್ದಾಗ ಹೀಗೆ ಬಿಳಿಯಾದ ಕ್ಯಾಂಡಿಯನ್ನು ಅಮ್ಮನಿಗೆ ಕೊಟ್ಟು ‘ಇದರಲ್ಲಿ ರುಚಿ ಹಾಕೋದು ಮರೆತಿದ್ದೀಯ’ ಅಂತ ಇನ್ನೊಂದು ಗಿಟ್ಟಿಸಿಕೊಳ್ಳುತ್ತಿದ್ದ.

ಇಷ್ಟೆಲ್ಲ ಓದಿ ಆಗಿದೆ, ಆದರೆ ಕಲ್ಲಾದ ಡಬ್ಬಿಯೊಂದು ಈಗಲೂ ನಿಮ್ಮ ಫ್ರೀಜರಿನಲ್ಲಿ ಕೂತಿದೆ, ಅಲ್ವಾ? ಅದನ್ನು ಎಸೆಯಬೇಡಿ. ತಿನ್ನುವ ಕಾಲು ಗಂಟೆ ಮೊದಲು ಫ್ರಿಜ್ಜಿನ ಕೆಳಗಿನ ಭಾಗಕ್ಕೆ ಇಳಿಸಿದರೆ ಸ್ವಲ್ಪ ಬಗ್ಗುತ್ತದೆ. ಅದಕ್ಕೂ ಬಗ್ಗದಿದ್ದರೆ ಚಾಕುವಿನಿಂದ ತುಂಡು ಮಾಡಿ, ಒಂದೆರಡು ಚಮಚ ಜೇನು ಸೇರಿಸಿ, ಮಿಕ್ಸಿಯಲ್ಲಿ ತಿರುವಿ, ಕೂಡಲೇ ಮತ್ತೆ ಫ್ರೀಜರಿಗೆ ಇಡಿ. ಪೂರ್ತಿ ಕರಗಿ ನೀರಾಗಲು ಬಿಡಬೇಡಿ.

ಅಥವಾ ನಾನು ಮಾಡುವ ಹಾಗೆ ಮಾಡಿ. ಯಾರಿಗೂ ಹೇಳಬೇಡಿ, ಇಷ್ಟು ಹೊತ್ತು ಹರಳನ್ನು ಬೈದು ಈಗ ಇದನ್ನು ಹೇಳುತ್ತಿದ್ದೇನೆ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಅಂಚಿನಲ್ಲಿ ಕಟ್ಟಿದ ದಪ್ಪ ಐಸನ್ನು ಫೋರ್ಕಿನಿಂದ ಪುಡಿ ಪುಡಿಯಾಗಿ ಕೆರೆದು ಹಾಗೇ ಬಾಯಿಗೆ ಹಾಕಿಕೊಳ್ಳುತ್ತೇನೆ. ಕರಕರ ಅಂತ ಅಗಿಯುತ್ತೇನೆ. ನಡುವಿನ ನುಣ್ಣನೆಯ ಭಾಗ ಮನೆಯವರಿಗೆ.