ಒಳಗಿನ ಪ್ಲೇಟಿಗೆ ತುಕ್ಕಿನ ಭಯ

ಮಳೆಗಾಲ ಶುರುವಾದರೆ ಸಾಕು, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಒಂದೇ ಬೇಡಿಕೆ ಹೊತ್ತು ಜನ ಬರುತ್ತಾರೆ: "ಡಾಕ್ಟರೇ, ಒಳಗಿನ ಪ್ಲೇಟ್ ತುಕ್ಕು ಹಿಡಿದಿರಬೇಕು, ತೆಗೆದುಬಿಡಿ." ಮುರಿದ ಎಲುಬನ್ನು ಹಿಡಿದಿಡಲು ಸ್ಕ್ರೂ ಹಾಕಿ ಕೂರಿಸಿದ ಲೋಹದ ಪಟ್ಟಿಯೇ ಈ ಪ್ಲೇಟ್. ಎಲುಬು ಕೂಡಿ ವರ್ಷಗಳೇ ಕಳೆದಿರುತ್ತವೆ, ತೋಟದ ಕೆಲಸವೂ ನಡೆಯುತ್ತಿರುತ್ತದೆ. ನೆರೆಮನೆಯವರು ಹೇಳಿದ ಮಾತಿಗೆ ಹೆದರಿ ಬಂದಿರುತ್ತಾರೆ.

ಕುಂಬಳೆಯ ಉಪ್ಪುಗಾಳಿಗೆ ಮನೆಯ ಗೇಟು ತುಕ್ಕು ತಿನ್ನುವುದನ್ನು ಕಂಡವರಿಗೆ ಈ ಅನುಮಾನ ಸಹಜ. ರಕ್ತದಲ್ಲೂ ಉಪ್ಪಿದೆ. ಆದರೆ ಗೇಟಿನ ಕಬ್ಬಿಣವನ್ನು ನಾವು ದೇಹದೊಳಗೆ ಇಡುವುದಿಲ್ಲ. 316ಎಲ್ ಎಂಬ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ನೂರಕ್ಕೆ 17ರಿಂದ 19 ಭಾಗ ಕ್ರೋಮಿಯಂ ಇರುತ್ತದೆ. ಅದು ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪದರವೊಂದನ್ನು ಕಟ್ಟುತ್ತದೆ. ಗೀರು ಬಿದ್ದರೂ ಪದರ ಮತ್ತೆ ಕೂಡಿಕೊಳ್ಳುತ್ತದೆ. ಟೈಟಾನಿಯಂ ಪ್ಲೇಟಾದರೆ ಆ ಪದರ ಇನ್ನೂ ಬಿಗಿ. ಏನೂ ಸವೆಯುವುದಿಲ್ಲವೆಂದು ಹೇಳಲಾರೆ. ಸ್ಕ್ರೂವಿನ ತಲೆ ಪ್ಲೇಟಿಗೆ ಉಜ್ಜುವಲ್ಲಿ ಅಲ್ಪಸ್ವಲ್ಪ ಸವೆತ ಇದ್ದೇ ಇದೆ, ಸುತ್ತಲಿನ ಮಾಂಸ ಕಪ್ಪಾಗಿರುವುದೂ ಉಂಟು. ಲೋಹಕ್ಕೆ ಲೋಹ ಉಜ್ಜುವ ಸೊಂಟದ ಕೃತಕ ಕೀಲಿನ ಮಾತೇ ಬೇರೆ. ಅಂಥ ಒಂದು ಮಾದರಿಯನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆದರು.

ಎಷ್ಟು ಹೇಳಿದರೂ ಜನರ ತಲೆಗೆ ಹೋಗದ ಸಂಗತಿ ಒಂದಿದೆ. ಪ್ಲೇಟ್ ಮುರಿದರೆ ಬಹುಪಾಲು ಅದಕ್ಕೆ ಕಾರಣ ಎಲುಬು ಕೂಡದಿರುವುದು. ಎಲುಬು ಕೂಡುವವರೆಗೆ ಹೆಜ್ಜೆಹೆಜ್ಜೆಗೂ ಪ್ಲೇಟ್ ತುಸುತುಸುವೇ ಬಾಗುತ್ತದೆ. ಕೂಡಿದ ಮೇಲೆ ಭಾರವನ್ನು ಎಲುಬೇ ಹೊರುತ್ತದೆ, ಪ್ಲೇಟಿಗೆ ಹೆಚ್ಚಿನ ಕೆಲಸವಿಲ್ಲ. ಕೂಡದೇ ಇದ್ದರೆ ಲಕ್ಷಾಂತರ ಸಲ ಬಾಗಿ ಬಾಗಿ ಲೋಹವೇ ದಣಿದು ಸೀಳುತ್ತದೆ, ಅದೂ ಹೆಚ್ಚಾಗಿ ಮುರಿತದ ನೇರಕ್ಕಿರುವ ಖಾಲಿ ತೂತಿನಲ್ಲಿ.

ಅಡಿಕೆ ಮರದಿಂದ ಬಿದ್ದು ತೊಡೆಯೆಲುಬು ಮುರಿದುಕೊಂಡಿದ್ದ ಒಬ್ಬರನ್ನು ಅವರ ಅಣ್ಣ ಸಿಟ್ಟಿನಿಂದಲೇ ಕರೆತಂದರು. "ನಕಲಿ ಪ್ಲೇಟ್ ಹಾಕಿದ್ದಾರೆ," ಎಂಬುದು ಅವರ ದೂರು. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ತೋರಿಸಿದೆ: ಎಲುಬಿನ ಎರಡು ತುದಿಗಳ ನಡುವೆ ಕಪ್ಪು ಗೆರೆ, ಸರಿಯಾಗಿ ಅದರ ಪಕ್ಕದಲ್ಲೇ ಪ್ಲೇಟ್ ತುಂಡಾಗಿದೆ. ಎಲುಬು ಕೂಡುವುದನ್ನು ತಡಮಾಡುವ ಬೀಡಿಯನ್ನು ಬಿಟ್ಟಿರಲಿಲ್ಲ, ಊರುಗೋಲನ್ನು ಬೇಗನೇ ಮೂಲೆಗಿಟ್ಟಿದ್ದರು. ಬೈಯಲು ಮನಸ್ಸು ಬರಲಿಲ್ಲ. ಕೊಯ್ಲಿನ ಕಾಲದಲ್ಲಿ ಕೂಲಿ ಬಿಟ್ಟು ಕುಳಿತರೆ ಅವರ ಮನೆ ನಡೆಯುವುದು ಹೇಗೆ? ಆದರೂ ಹೇಳುತ್ತೇನೆ, ಊರುಗೋಲು ಬಿಡುವ ಮೊದಲು ಒಂದು ಎಕ್ಸ್-ರೇ ತೆಗೆಸಿ.

ಕೂಡಿದ ಎಲುಬಿನಿಂದ ಪ್ಲೇಟ್ ತೆಗೆಯುವುದೂ ಒಂದು ಶಸ್ತ್ರಚಿಕಿತ್ಸೆಯೇ. ಮುಂಗೈಯಲ್ಲಾದರೆ ನರಕ್ಕೆ ಪೆಟ್ಟಾಗುವ ಭಯವಿದೆ. ಸ್ಕ್ರೂ ಇದ್ದ ತೂತುಗಳು ತುಂಬಿಕೊಳ್ಳುವ ತಿಂಗಳುಗಳಲ್ಲಿ ಅದೇ ಕೈ ಮತ್ತೆ ಮುರಿಯಬಹುದು. ಸೋಂಕಾದರೆ, ಸ್ಕ್ರೂ ಚರ್ಮಕ್ಕೆ ಚುಚ್ಚಿದರೆ, ಬೆಳೆಯುವ ಮಕ್ಕಳಾದರೆ ತೆಗೆಯಬೇಕಾಗಬಹುದು. ಅದನ್ನು ನೋಡಿಯೇ ತೀರ್ಮಾನಿಸಬೇಕು. ವರ್ಷಗಳ ಮೇಲೆ ಹೊಸದಾಗಿ ನೋವು, ಬಾವು, ಕೀವು ಕಂಡರೆ ಮಾತ್ರ ತಡಮಾಡಬೇಡಿ. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಡಿಸ್ಚಾರ್ಜ್ ಚೀಟಿಯನ್ನೂ ಹಳೆಯ ಎಕ್ಸ್-ರೇಗಳನ್ನೂ ಜೊತೆಗೆ ತನ್ನಿ. ಯಾವ ಲೋಹ ಹಾಕಿದ್ದಾರೆಂಬುದು ಆ ಚೀಟಿಯಲ್ಲಿದ್ದರೆ ಎಂಆರ್‌ಐ ಸ್ಕ್ಯಾನ್ ಮಾಡುವವರಿಗೂ ಉಪಕಾರವಾಗುತ್ತದೆ.