ಇಪ್ಪತ್ತು ಕೋಳಿ, ಆದರೆ ಲೆಕ್ಕಕ್ಕೆ ಒಂದೇ: ಕರುಳಿನ ಆರೋಗ್ಯದ ಪ್ರಯೋಗ ಕಲಿಯುವವರಿಗೆ ಟಿಪ್ಪಣಿ

ಕೋಳಿಯ ಕರುಳು, ಫೀಡ್ ಅಡಿಟಿವ್ (ಫೀಡಿಗೆ ಸ್ವಲ್ಪ ಪ್ರಮಾಣದಲ್ಲಿ ಬೆರೆಸುವ ವಸ್ತು) ಬಗ್ಗೆ ಸಂಶೋಧನಾ ತರಬೇತಿಗೆ ಹೊರಟಿರುವ ನಮ್ಮ ಕಾರವಾರ, ಶಿರಸಿ ಕಡೆಯ ಗೆಳೆಯರಿಗಾಗಿ ಇದು. ಪಾಠ ಹಸಿಯಾಗಿರುವಾಗಲೇ ಬರೆದಿಟ್ಟರೆ ನನ್ನ ತಲೆಯಲ್ಲೂ ಗಟ್ಟಿಯಾಗುತ್ತದೆ. ಪ್ರೊಬಯಾಟಿಕ್ ಎಂದರೇನು, ಕರುಳಿನ ಭಾಗಗಳು ಯಾವುವು ಎಂಬುದು ಪುಸ್ತಕದಲ್ಲೇ ಸಿಗುತ್ತದೆ. ಅದನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ಬೆಳವಣಿಗೆ ಹೆಚ್ಚಿಸಲು ಫೀಡಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿತು. ಭಾರತ 2019ರ ಜುಲೈನಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಕೊಡುವುದನ್ನು ನಿಷೇಧಿಸಿತು. ಆ ಜಾಗಕ್ಕೆ ಬಂದವುಗಳೇ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ, ಬ್ಯೂಟಿರಿಕ್ ಆಮ್ಲ, ಯೀಸ್ಟ್ ಗೋಡೆಯ ಸಕ್ಕರೆಗಳು, ಅರಿಶಿನ-ಓರೆಗಾನೊ ತರಹದ ಗಿಡಮೂಲಿಕೆಗಳು. ಪ್ರತಿಯೊಂದಕ್ಕೂ ‘ಕೆಲಸ ಮಾಡುತ್ತದೆ’ ಎನ್ನುವ ಪ್ರಬಂಧ ಸಿಗುತ್ತದೆ. ಯಾವುದನ್ನು ನಂಬಬೇಕು ಎಂದು ತಿಳಿಯುವುದೇ ನಿಜವಾದ ಕಲಿಕೆ.

ವಿಲ್ಲೈ ಅಳೆಯುವುದು

ಕರುಳಿನ ಒಳಗೋಡೆಯಿಂದ ಎದ್ದು ನಿಂತ ಸಣ್ಣ ಬೆರಳುಗಳೇ ವಿಲ್ಲೈ. ಅವುಗಳ ಬುಡದ ಗುಂಡಿ ಕ್ರಿಪ್ಟ್. ಹೊಸ ಜೀವಕೋಶ ಹುಟ್ಟುವುದು ಈ ಗುಂಡಿಯಲ್ಲಿ. ವಿಲ್ಲೈ ಉದ್ದವಾಗಿದ್ದರೆ ಹೀರುವ ಜಾಗ ಜಾಸ್ತಿ. ಕ್ರಿಪ್ಟ್ ಆಳವಾಗಿದ್ದರೆ ರಿಪೇರಿ ಕೆಲಸ ಜೋರಾಗಿ ನಡೆಯುತ್ತಿದೆ, ಅದಕ್ಕೆ ಶಕ್ತಿ ಖರ್ಚಾಗುತ್ತಿದೆ ಎಂದರ್ಥ. ಅದಕ್ಕೇ ಎರಡರ ಅನುಪಾತ ನೋಡುವುದು.

ಕೋಳಿ ಸತ್ತ ಕೆಲವೇ ನಿಮಿಷಗಳಲ್ಲಿ ತುಂಡನ್ನು ಸಲೈನಿನಲ್ಲಿ ತೊಳೆದು ಫಾರ್ಮಲಿನ್‌ಗೆ ಹಾಕಬೇಕು. ತಡವಾದರೆ ವಿಲ್ಲೈ ತುದಿ ಕಳಚಿ ಬೀಳುತ್ತದೆ. ಆಮೇಲೆ ಎಷ್ಟೇ ಚೆನ್ನಾಗಿ ಬಣ್ಣ ಹಾಕಿದರೂ ನೀವು ಅಳೆಯುವುದು ಫೀಡಿನ ಪರಿಣಾಮವನ್ನಲ್ಲ, ತಡವಾದ ಹೊತ್ತನ್ನು. ಎಲ್ಲ ಕೋಳಿಗಳಲ್ಲೂ ಒಂದೇ ಜಾಗದಿಂದ ತುಂಡು ತೆಗೆಯಬೇಕು. ಸಣ್ಣ ಕರುಳಿನ ನಡುಭಾಗ ಜೆಜುನಮ್ ಮುಗಿದು ಕೊನೆಯ ಭಾಗ ಇಲಿಯಮ್ ಶುರುವಾಗುವಲ್ಲಿ ಮೆಕೆಲ್ ಡೈವರ್ಟಿಕ್ಯುಲಮ್ ಎಂಬ ಪುಟ್ಟ ಮೊಳಕೆ ಇರುತ್ತದೆ. ಅದೇ ಗುರುತುಕಲ್ಲು.

ನನ್ನನ್ನು ಹಿಡಿದು ನಿಲ್ಲಿಸಿದ ಜಾಗ: ಎನ್ ಎಷ್ಟು?

ಒಂದು ಪ್ರಯೋಗ ಇಟ್ಟುಕೊಳ್ಳೋಣ. 240 ಬ್ರಾಯ್ಲರ್ ಮರಿ, 12 ಅಂಕಣ (ಶೆಡ್ಡಿನೊಳಗೆ ಬೇಲಿ ಹಾಕಿ ಬೇರ್ಪಡಿಸಿದ ಜಾಗ), ಅಂಕಣಕ್ಕೆ 20 ಮರಿ. ಆರು ಅಂಕಣಕ್ಕೆ ಸಾದಾ ಫೀಡ್, ಆರಕ್ಕೆ ಬ್ಯೂಟಿರಿಕ್ ಬೆರೆಸಿದ ಫೀಡ್. ಒಂದು ಗುಂಪಿನಲ್ಲಿ ಎನ್, ಅಂದರೆ ಲೆಕ್ಕಕ್ಕೆ ಬರುವ ಸ್ವತಂತ್ರ ಮಾದರಿಗಳ ಸಂಖ್ಯೆ, ಎಷ್ಟು?

120 ಎನ್ನಲು ಬಾಯಿ ಬರುತ್ತದೆ. ಮರಿಗಳನ್ನು ಒಂದೊಂದಾಗಿ ತೂಗಿದ್ದೇವೆ, ಅಲ್ವಾ? ಆದರೆ ಉತ್ತರ 6.

ಯಾಕೆ? ಒಂದು ಅಂಕಣದಲ್ಲಿ ನೀರು ಕುಡಿಯುವ ನಿಪ್ಪಲ್ ಸೋರುತ್ತಿದೆ ಎಂದುಕೊಳ್ಳಿ. ಕೆಳಗಿನ ಭತ್ತದ ಹೊಟ್ಟು ಒದ್ದೆಯಾಗುತ್ತದೆ. ಒದ್ದೆಯಲ್ಲಿ ಐಮೀರಿಯ ಎಂಬ ಕರುಳಿನ ಪರಾವಲಂಬಿಯ ಊಸಿಸ್ಟ್‌ಗಳು (ಹಿಕ್ಕೆಯಲ್ಲಿ ಹೊರಬರುವ ಮೊಟ್ಟೆಯಂಥ ರೂಪ) ರೋಗ ತರುವಷ್ಟು ಬಲಿಯುತ್ತವೆ. ಒಂದು ಮರಿಯ ಹಿಕ್ಕೆಯನ್ನು ಇನ್ನೊಂದು ಕೆದಕಿ ತಿನ್ನುತ್ತದೆ. ಅಮೋನಿಯಾ ಎಲ್ಲದರ ಕಣ್ಣಿಗೂ ಹೊಡೆಯುತ್ತದೆ. ವಾರ ಕಳೆದಾಗ ಇಪ್ಪತ್ತೂ ಸೊರಗಿವೆ. ಇಪ್ಪತ್ತು ಸಾಕ್ಷಿ ಸಿಕ್ಕವೇ? ಇಲ್ಲ, ನಡೆದದ್ದು ಒಂದೇ ಘಟನೆ. ಅದನ್ನು ಇಪ್ಪತ್ತು ಸಲ ಬರೆದುಕೊಂಡಿದ್ದೇವೆ, ಅಷ್ಟೇ.

ನಾನು ಹಿಡಿದುಕೊಂಡಿರುವ ಸೂತ್ರ ಇದು: ಚೀಟಿ ಎತ್ತಿ ಫೀಡ್ ಹಂಚಿದ್ದು ಯಾವುದಕ್ಕೆ? ಅದೇ ಯೂನಿಟ್, ಎನ್‌ಗೆ ಎಣಿಸಬೇಕಾದದ್ದು. ಮರಿಗೆ ಹಂಚಿಲ್ಲ, ಅಂಕಣಕ್ಕೆ ಹಂಚಿದ್ದೇವೆ. ಪ್ರತಿ ಕೋಳಿಗೂ ಬೇರೆ ಪಂಜರ, ಬೇರೆ ಫೀಡರ್ ಇದ್ದರೆ ಆಗ ಕೋಳಿಯೇ ಯೂನಿಟ್.

120 ಎಂದು ಹಾಕಿದರೆ ಟಿ-ಪರೀಕ್ಷೆಯ (ಎರಡು ಗುಂಪಿನ ಸರಾಸರಿ ಹೋಲಿಸುವ ಪರೀಕ್ಷೆ) ಸ್ವಾತಂತ್ರ್ಯದ ಅಂಶ, ಅಂದರೆ ಡಿಗ್ರೀಸ್ ಆಫ್ ಫ್ರೀಡಮ್, 238 ಆಗುತ್ತದೆ (ಎರಡೂ ಗುಂಪಿನ ಎನ್ ಕೂಡಿಸಿ 2 ಕಳೆದದ್ದು), 6 ಎಂದರೆ 10. ಶೇ. 5ರ ಮಟ್ಟದಲ್ಲಿ ದಾಟಬೇಕಾದ ಗೆರೆ 1.97ರಿಂದ 2.23ಕ್ಕೆ ಏರುತ್ತದೆ. ಇದು ಸಣ್ಣ ವಿಷಯ. ದೊಡ್ಡ ವಿಷಯ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ಅತ್ತಿತ್ತ ಆಗಬಹುದು ಎಂಬ ಅಂದಾಜು): ಅಂಕಣ-ಅಂಕಣಗಳ ನಡುವಿನ ವ್ಯತ್ಯಾಸ ಮರೆಯಾಗಿ, ಅದು ಇರಬೇಕಾದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಏನೂ ಪ್ರಯೋಜನವಿಲ್ಲದ ಅಡಿಟಿವ್ ಕೂಡ ಪಾಸಾಗಿಬಿಡಬಹುದು. ಅದನ್ನು ನಂಬಿ ದುಡ್ಡು ಸುರಿಯುವವನು ರೈತ.

ವಿಲ್ಲೈ ಲೆಕ್ಕವೂ ಹೀಗೇ. ಅಂಕಣಕ್ಕೆ ಎರಡು ಕೋಳಿ, ಕೋಳಿಗೆ ಹತ್ತು ವಿಲ್ಲೈ ಅಳೆದರೆ ಗುಂಪಿಗೆ 120 ಅಳತೆ. ಹತ್ತರ ಸರಾಸರಿ ಒಂದು ಕೋಳಿಗೆ, ಎರಡು ಕೋಳಿಯ ಸರಾಸರಿ ಒಂದು ಅಂಕಣಕ್ಕೆ. ಕೊನೆಗೆ ಗುಂಪಿಗೆ ಉಳಿಯುವುದು ಆರೇ ಸಂಖ್ಯೆ. ಹಾಗಾದರೆ ಅಷ್ಟೊಂದು ಅಳೆದದ್ದು ದಂಡವೇ? ಅಲ್ಲ. ಆ ಆರು ಸಂಖ್ಯೆಗಳು ಹೆಚ್ಚು ನಂಬಿಕಸ್ಥವಾಗುತ್ತವೆ. ಸುಮ್ನೆ ಎನ್ ಬೆಳೆಯುವುದಿಲ್ಲ, ಅಷ್ಟೇ. ದುಡ್ಡು ಉಳಿದಿದ್ದರೆ ಅಂಕಣಕ್ಕೆ ಮರಿ ಸೇರಿಸುವ ಬದಲು ಅಂಕಣವನ್ನೇ ಹೆಚ್ಚಿಸಿ.

ಮಳೆಗಾಲಕ್ಕೆ ಬ್ಲಾಕ್

ಕರಾವಳಿಯ ಶೆಡ್ಡಿನಲ್ಲಿ ಜೂನ್ ಬಂತೆಂದರೆ ಪಶ್ಚಿಮದ ಬದಿಗೆ ಇರಚಲು ಹೊಡೆಯುತ್ತದೆ. ಆ ಸಾಲಿಗೆಲ್ಲ ಒಂದೇ ಫೀಡ್ ಬಿದ್ದರೆ ಮಳೆ ಯಾವುದು, ಬ್ಯೂಟಿರಿಕ್ ಯಾವುದು ಎಂದು ಬಿಡಿಸಲಾಗದು. ಆದ್ದರಿಂದ ಅಕ್ಕಪಕ್ಕದ ಎರಡು ಅಂಕಣ ಸೇರಿಸಿ ಒಂದು ಬ್ಲಾಕ್ ಮಾಡಿ, ಅದರೊಳಗೆ ಚೀಟಿ ಎತ್ತಿ. 12 ಅಂಕಣಕ್ಕೆ 6 ಬ್ಲಾಕ್. ಇದಕ್ಕೆ ಬೆಲೆಯೂ ಇದೆ: ಒಟ್ಟು ಸ್ವಾತಂತ್ರ್ಯದ ಅಂಶ 11ರಲ್ಲಿ (12 ಅಂಕಣಕ್ಕೆ ಒಂದು ಕಡಿಮೆ) ಫೀಡಿಗೆ 1, ಬ್ಲಾಕಿಗೆ 5 ಹೋಗಿ ಎರರ್‌ಗೆ 5 ಉಳಿಯುತ್ತದೆ, ಗೆರೆ 2.57ಕ್ಕೆ ಏರುತ್ತದೆ. ಎಲ್ಲ ಕಡೆ ಒಣಗಿರುವ ಶೆಡ್ಡಿನಲ್ಲಿ ಇದು ನಷ್ಟವೇ. ನಮ್ಮ ಕಡೆಯ ಮಳೆಗಾಲದಲ್ಲಿ ನಾನಂತೂ ಬ್ಲಾಕ್ ಬಿಡುವುದಿಲ್ಲ.

ಎಫ್‌ಸಿಆರ್

ಒಂದು ಕಿಲೋ ತೂಕ ಹೆಚ್ಚಲು ಎಷ್ಟು ಫೀಡ್ ಬೇಕಾಯಿತು ಎಂಬ ಲೆಕ್ಕ ಇದು (ಫೀಡ್ ಕನ್ವರ್ಶನ್ ರೇಷಿಯೋ). ತಿಂದ ಫೀಡನ್ನು ಹೆಚ್ಚಿದ ತೂಕದಿಂದ ಭಾಗಿಸಿದರೆ ಆಯಿತು. ಆದರೆ ಸತ್ತ ಕೋಳಿ ಹೆಚ್ಚಿಸಿಕೊಂಡಿದ್ದ ತೂಕವನ್ನೂ ಸೇರಿಸಬೇಕು, ಅದೂ ಫೀಡ್ ತಿಂದಿತ್ತು. 60 ಕಿಲೋ ಫೀಡ್, ಉಳಿದವು ಹೆಚ್ಚಿಸಿಕೊಂಡದ್ದು 36 ಕಿಲೋ ಎಂದರೆ 1.67. ಸತ್ತದ್ದರ 0.8 ಕಿಲೋ ಸೇರಿಸಿದರೆ 1.63. ಪ್ರಬಂಧಗಳು ಹೊಗಳುವ ಸುಧಾರಣೆ ಎಷ್ಟೋ ಸಲ ಇಷ್ಟೇ ಇರುತ್ತದೆ.

ನಮ್ಮೂರಿನ ಎರಡು ಸಾಮಗ್ರಿ

ಒಣಮೀನಿನ ಪುಡಿ ಅಗ್ಗವಾಗಿ ಸಿಗುತ್ತದೆಂದು ಹಾಕುವವರಿದ್ದಾರೆ. ಉಪ್ಪು ಜಾಸ್ತಿಯಾದರೆ ಕೋಳಿ ನೀರು ಜಾಸ್ತಿ ಕುಡಿದು ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಒದ್ದೆ ಮಾಡುತ್ತದೆ. ಮೀನಿನ ಪ್ರೋಟೀನ್ ಅತಿಯಾದರೆ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಅನುಕೂಲ. ಅದರಿಂದ ಬರುವ ಕರುಳಿನ ರೋಗ ನೆಕ್ರೋಟಿಕ್ ಎಂಟರೈಟಿಸ್‌ನ ಪ್ರಯೋಗಗಳಲ್ಲಿ ರೋಗ ಬರಿಸಲೆಂದೇ ಮೀನುಪುಡಿ ಕೊಡುವುದುಂಟು. ಇನ್ನೊಂದು ಅಘನಾಶಿನಿ ಅಳಿವೆಯ ಚಿಪ್ಪಿನ ಪುಡಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲವನ್ನು ನುಂಗಿಬಿಡುತ್ತದೆ. ಆದ್ದರಿಂದ ಬ್ಯೂಟಿರಿಕ್‌ನಂಥ ಸಾವಯವ ಆಮ್ಲದ ಪ್ರಬಂಧ ಓದುವಾಗ ಮೊದಲು ಫಲಿತಾಂಶದ ಕೋಷ್ಟಕಕ್ಕೆ ಹೋಗಬೇಡಿ. ಮೂಲ ಫೀಡಿನಲ್ಲಿ ಕ್ಯಾಲ್ಸಿಯಂ ಎಷ್ಟಿತ್ತು, ಆಮ್ಲಕ್ಕೆ ಕೊಬ್ಬಿನ ಲೇಪನ ಇತ್ತೇ, ಅಂಕಣ ಎಷ್ಟಿದ್ದವು ಎಂದು ನೋಡಿಕೊಂಡು ಆಮೇಲೆ ಅಲ್ಲಿಗೆ ಹೋಗಿ.